ಜೇನು ಕಚ್ಚಿಸಿದ್ರೆ ಅಪ್ಪನ ಪಾರ್ಕಿನ್ಸನ್ ಕಮ್ಮಿ ಆಗತ್ತಾ?

ಪ್ರಶ್ನೆ: ಡಾಕ್ಟ್ರೇ, ನಮ್ದು ಶಿರಸಿ ಹತ್ರ ಹಳ್ಳಿ. ಅಪ್ಪಂಗೆ 67 ವರ್ಷ, ಪಾರ್ಕಿನ್ಸನ್ ಅಂತ ಗೊತ್ತಾಗಿ ನಾಲ್ಕು ವರ್ಷ ಆಯ್ತು. ಸಿಂಡೋಪಾ 110 ದಿನಕ್ಕೆ ನಾಲ್ಕು ಸಲ ತಗೋತಾರೆ, ನಡುಕಕ್ಕೆ ಅಂತ ಪ್ರೊಪ್ರನೊಲಾಲ್ ಕೂಡ ಇದೆ. ಮೂವತ್ತು ವರ್ಷದಿಂದ ತುಡುವೆ ಜೇನು ಸಾಕ್ತಿದಾರೆ, ಈಗ್ಲೂ ಆರು ಪೆಟ್ಟಿಗೆ ಇದೆ. ನೆಂಟರೊಬ್ರು ಒಂದು ಕಡೆ ಜೇನುವಿಷದ ಚಿಕಿತ್ಸೆ ಕೊಡ್ತಾರೆ, ಕುತ್ತಿಗೆಗೆ ಬೆನ್ನಿಗೆ ಜೇನು ಕಚ್ಚಿಸ್ತಾರೆ, ಜೊತೆಗೆ ರಾಯಲ್ ಜೆಲ್ಲಿ, ಪ್ರೊಪೊಲಿಸ್ ಕ್ಯಾಪ್ಸೂಲ್ ಕೊಡ್ತಾರೆ, ತಿಂಗಳಿಗೆ ಒಂಬತ್ತು ಸಾವಿರ ಆಗತ್ತೆ ಅಂತಿದಾರೆ. ಆಮೇಲೆ ಮಾತ್ರೆನೂ ನಿಧಾನಕ್ಕೆ ಬಿಡಿಸಬಹುದಂತೆ. ಮಾಡಿಸಬಹುದಾ? ಜೇನುತುಪ್ಪ ದಿನಾ ತಿನ್ನಬಹುದಾ? ಅಪ್ಪ ಪೆಟ್ಟಿಗೆ ಕೆಲಸ ಬಿಡಬೇಕಾ?

ಉತ್ತರ: ಮೊದಲು ಒಂದು ಮಾತು, ಉಳಿದಿದ್ದನ್ನ ನಾಳೆ ಓದಿದ್ರೂ ನಡೆಯತ್ತೆ. ಸಿಂಡೋಪಾ ಬಿಡಿಸ್ಬೇಡಿ. ನಿಧಾನಕ್ಕೂ ಬೇಡ, ಅರ್ಧರ್ಧ ಮಾಡ್ಕೊಂಡೂ ಬೇಡ, ಒಂದು ವಾರ ಬಿಟ್ಟು ನೋಡೋಣ ಅಂತಾನೂ ಬೇಡ. ಎರಡು ವರ್ಷದ ಹಿಂದೆ ಒಬ್ರು ಹೆಂಗಸನ್ನ ನಮ್ಮ ವಾರ್ಡಿಗೆ ಕರ್ಕೊಂಡ್ ಬಂದಿದ್ರು, ಎಲ್ಲೋ ಒಂದು ನ್ಯಾಚುರಲ್ ಚಿಕಿತ್ಸೆಗೆ ಅಂತ ಹತ್ತು ದಿನ ಇದ್ರಂತೆ, ದೇಹ ಶುದ್ಧಿ ಆಗ್ಬೇಕು ಅಂತ ಅಲ್ಲಿ ಎಲ್ಲಾ ಮಾತ್ರೆ ಒಂದೇ ದಿನ ನಿಲ್ಲಿಸಿದ್ರಂತೆ, ಇಲ್ಲಿಗೆ ಬಂದಾಗ ಮೈ ಹಲಗೆ ಥರ ಬಿಗಿದಿತ್ತು, 104 ಡಿಗ್ರಿ ಜ್ವರ, ಬೆವರು ಇಳೀತಾ ಇದೆ, ಮಾತಿಲ್ಲ. ಸಿಂಡೋಪಾದಲ್ಲಿರೋ ಲೆವೊಡೋಪಾ ಅನ್ನೋ ಔಷಧಿ ಇದ್ದಕ್ಕಿದ್ದಂಗೆ ನಿಂತ್ರೆ ಹೀಗಾಗಬಹುದು, ಸ್ನಾಯು ಬಿಗಿದು ಬಿಗಿದು ಒಡೆಯಕ್ಕೆ ಶುರುವಾಗತ್ತೆ, ಅದು ಹೋಗಿ ಕಿಡ್ನಿಗೆ ಪೆಟ್ಟು ಕೊಡತ್ತೆ, ಜೀವ ಹೋಗೋದೂ ಉಂಟು. ಅವರು ಉಳ್ಕೊಂಡ್ರು, ಆದ್ರೆ ಮುಂಚಿನ ನಡಿಗೆ ವಾಪಸ್ ಬರ್ಲಿಲ್ಲ. ಯಾರೇ ಆಗ್ಲಿ ಏನೇ ಕೊಡ್ಲಿ, ಮಾತ್ರೆ ಬಿಡಿಸ್ತೀವಿ ಅಂದ ತಕ್ಷಣ ಅಲ್ಲಿಂದ ಎದ್ದು ಬನ್ನಿ.

ಈಗ ಜೇನುವಿಷದ ವಿಚಾರ. ಇದನ್ನ ಪೂರ್ತಿ ಬೂಟಾಟಿಕೆ ಅಂತ ನಾನು ತಳ್ಳಿಹಾಕಲ್ಲ, ಯಾಕಂದ್ರೆ ಇದರ ಹಿಂದೆ ನಿಜವಾದ ವಿಜ್ಞಾನ ಒಂದಿಷ್ಟು ಇದೆ, ಅದನ್ನೇ ಹಿಡ್ಕೊಂಡು ವ್ಯಾಪಾರ ನಡೀತಿರೋದು. ಒಣಗಿಸಿದ ಜೇನುವಿಷದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮೆಲಿಟಿನ್ ಅನ್ನೋ ಪ್ರೋಟೀನ್ ತುಣುಕು, ಉರಿ ನೋವು ಕೊಡೋದು ಬಹುಪಾಲು ಅದೇ. ನೂರಕ್ಕೆ ಎರಡು ಮೂರು ಭಾಗ ಅಪಾಮಿನ್ ಅಂತ ಇನ್ನೊಂದಿದೆ. ಈ ಅಪಾಮಿನ್ ನರಕೋಶದ ಗೋಡೇಲಿರೋ ಒಂದು ಜಾತಿ ಪೊಟ್ಯಾಸಿಯಂ ಬಾಗಿಲನ್ನ ಮುಚ್ಚತ್ತೆ, ಅದೇ ಬಾಗಿಲು ಮೆದುಳಿನ ಡೋಪಮಿನ್ ಕೋಶಗಳಲ್ಲೂ ಇದೆ, ಮೈ ಚಲನೆ ಹತೋಟೀಲಿಡೋ ಡೋಪಮಿನ್ ಅನ್ನೋ ರಾಸಾಯನಿಕ ತಯಾರಿಸೋ ಕೋಶಗಳು ಅವು. ನಿಮ್ಮಪ್ಪಂಗೆ ಸಾಯ್ತಾ ಇರೋದು ಆ ಕೋಶಗಳೇ. ಹಂಗಾಗಿ ಮುಚ್ಚಿ ನೋಡಿದ್ರೆ ಏನಾಗತ್ತೆ ಅಂತ ವಿಜ್ಞಾನಿಗಳಿಗೆ ಕುತೂಹಲ ಹುಟ್ಟಿದ್ದು ಸಹಜ, 2013ರಲ್ಲಿ ಇಲಿಗಳ ಮೇಲೆ ಮಾಡಿದ್ ಒಂದು ಕೆಲಸದಲ್ಲಿ ಜೇನುವಿಷ ಡೋಪಮಿನ್ ಕೋಶಗಳನ್ನ ಒಂದಿಷ್ಟು ಕಾಪಾಡ್ತು ಅಂತ ಬಂತು.

ಆದ್ರೆ ಇಲಿಗೆ ಪಾರ್ಕಿನ್ಸನ್ ಹೆಂಗ್ ಬರತ್ತೆ ಗೊತ್ತಾ, ತಾನಾಗೇ ಬರಲ್ಲ, ನಾವೇ ಬರಿಸ್ತೀವಿ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳ ಲ್ಯಾಬಲ್ಲಿ ತಯಾರಾದ ನಕಲಿ ಹೆರಾಯಿನ್ ಚುಚ್ಚಿಕೊಂಡ ಕೆಲವು ಯುವಕರು ಕೆಲವೇ ದಿನದಲ್ಲಿ ಕಲ್ಲಿನ ಹಾಗೆ ಮರಗಟ್ಟಿ ಹೋದ್ರು, ವಿಲಿಯಂ ಲ್ಯಾಂಗ್‌ಸ್ಟನ್ ಅನ್ನೋ ನರತಜ್ಞರು ಅದರ ಬೆನ್ನು ಹತ್ತಿ ಎಂಪಿಟಿಪಿ ಅನ್ನೋ ವಿಷವಸ್ತು ಅದರಲ್ಲಿ ಸೇರಿದೆ ಅಂತ ಕಂಡುಹಿಡಿದ್ರು. ಅವತ್ತಿಂದ ಅದೇ ವಿಷವನ್ನ ಇಲಿಗೆ ಕೊಟ್ಟು ಪಾರ್ಕಿನ್ಸನ್ ಥರದ್ದನ್ನ ಮಾಡ್ತಾರೆ. ಅಂದ್ರೆ ಇಲಿಗೆ ವಿಷ ಬೀಳೋ ಹೊತ್ತಲ್ಲೇ, ಅದರ ಆಚೆ ಈಚೆ, ರಕ್ಷಣೆಗೆ ಅಂತ ಇನ್ನೊಂದು ಔಷಧಿ ಹೋಗತ್ತೆ. ನಿಮ್ಮಪ್ಪಂದು ಹಂಗಲ್ಲ, ಕೈ ನಡುಗೋದು ಕಣ್ಣಿಗೆ ಬೀಳೋ ಹೊತ್ತಿಗೆ ಆ ಜಾಗದ ಕೋಶಗಳಲ್ಲಿ ಸುಮಾರು ಅರ್ಧ ಆಗ್ಲೇ ಹೋಗಿರತ್ತೆ, ಅದೂ ಹತ್ತಾರು ವರ್ಷದಲ್ಲಿ ಒಂದೊಂದಾಗಿ. ಇಲೀಲಿ ಗೆದ್ದ ಎಷ್ಟೋ ಔಷಧಿ ಮನುಷ್ಯರಲ್ಲಿ ಸೋತಿರೋದು ಇದೇ ಕಾರಣಕ್ಕೆ.

ಹಾಗಾದ್ರೆ ಮನುಷ್ಯರಲ್ಲಿ? ಪ್ಯಾರಿಸ್‌ನಲ್ಲಿ ಸರಿಯಾಗಿ ಮಾಡಿ ನೋಡಿದಾರೆ, 2016ರಲ್ಲಿ ಅದರ ಫಲಿತಾಂಶ ಬಂತು. 40 ಜನ ಪಾರ್ಕಿನ್ಸನ್ ರೋಗಿಗಳು, ಚೀಟಿ ಎತ್ತಿದ ಹಾಗೆ ಎರಡು ಗುಂಪು, ಒಂದು ಗುಂಪಿಗೆ ತಿಂಗಳಿಗೊಂದು ಸಲ 100 ಮೈಕ್ರೋಗ್ರಾಂ ಜೇನುವಿಷದ ಇಂಜೆಕ್ಷನ್, ಇನ್ನೊಂದಕ್ಕೆ ಬರೀ ಉಪ್ಪುನೀರು, ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ ಪರೀಕ್ಷೆ ಮಾಡೋ ಡಾಕ್ಟರಿಗೂ ಗೊತ್ತಿಲ್ಲ. 11 ತಿಂಗಳು ಕೊಟ್ಟು ನೋಡಿದ್ರೆ ನಡುಕ, ಬಿಗಿತ, ನಿಧಾನಗತಿ ಯಾವುದರಲ್ಲೂ ಎರಡು ಗುಂಪಿನ ನಡುವೆ ಲೆಕ್ಕಕ್ಕೆ ಸಿಗೋ ವ್ಯತ್ಯಾಸ ಬರ್ಲೇ ಇಲ್ಲ. ಚರ್ಮದ ಪರೀಕ್ಷೇಲಿ ಅಲರ್ಜಿ ತೋರಿಸ್ತು ಅಂತ ನಾಲ್ಕು ಜನರನ್ನ ಮಧ್ಯದಲ್ಲೇ ಬಿಡಿಸಬೇಕಾಯ್ತು. ಡೋಸ್ ಕಮ್ಮಿ ಇತ್ತೇನೋ, ಇನ್ನೂ ಬೇಗ ಬೇಗ ಕೊಟ್ಟಿದ್ರೆ ಕೆಲಸ ಮಾಡ್ತಿತ್ತೇನೋ ಅಂತ ಆ ವಿಜ್ಞಾನಿಗಳೇ ಬರ್ಕೊಂಡಿದಾರೆ, ಅದು ಅವರ ಪ್ರಾಮಾಣಿಕತೆ, ಆದ್ರೆ "ಇರಬಹುದೇನೋ" ಅನ್ನೋದು ನಿಮ್ಮಪ್ಪನ ಕುತ್ತಿಗೆಗೆ ಜೇನು ಇಡಕ್ಕೆ ಸಾಕಾಗಲ್ಲ.

ನೆಂಟರು ಕೊರಿಯಾದ್ದು ಏನೋ ಇದೆ ಅಂತ ಹೇಳಿರಬಹುದು, ಹೌದು ಇದೆ. 2012ರಲ್ಲಿ ಅಲ್ಲಿ 43 ಜನರನ್ನ ಮೂರು ಗುಂಪು ಮಾಡಿ ಒಂದಕ್ಕೆ ಬರೀ ಅಕ್ಯುಪಂಕ್ಚರ್, ಒಂದಕ್ಕೆ ಜೇನುವಿಷ ಸೇರಿಸಿದ ಅಕ್ಯುಪಂಕ್ಚರ್, ವಾರಕ್ಕೆ ಎರಡು ಸಲ, ಎಂಟು ವಾರ ಮಾಡಿದ್ರು, ಜೇನುವಿಷದವರಿಗೆ ನಡಿಗೆ, ಬ್ಯಾಲೆನ್ಸ್ ಎಲ್ಲ ಸ್ವಲ್ಪ ಸುಧಾರಿಸ್ತು. ಅದರಲ್ಲಿ ಮೂರನೇ ಗುಂಪಿಗೆ ಹೆಚ್ಚಿಗೆ ಏನೂ ಕೊಟ್ಟಿರ್ಲಿಲ್ಲ, ಸುಳ್ಳು ಸೂಜಿ ಕೂಡ ಇಲ್ಲ. ವಾರಕ್ಕೆರಡು ಸಲ ಒಬ್ರು ಕಾಳಜಿಯಿಂದ ಮೈ ಮುಟ್ಟಿ ಚಿಕಿತ್ಸೆ ಕೊಟ್ರೆ ಸಿಗೋ ಗುಣ ಎಷ್ಟು, ವಿಷದ ಗುಣ ಎಷ್ಟು ಅಂತ ಅದರಿಂದ ಸರಿಯಾಗಿ ಬೇರ್ಪಡಿಸೋದು ಕಷ್ಟ.

ಈ ಮಾತು ನಾನು ಸುಮ್ನೆ ಹೇಳ್ತಿಲ್ಲ, ಪಾರ್ಕಿನ್ಸನ್‌ನಲ್ಲಿ ನಂಬಿಕೆಯ ಗುಣ ಅನ್ನೋದು ಬೇರೆ ಕಾಯಿಲೆಗಳಿಗಿಂತ ದೊಡ್ಡದು, ಅದಕ್ಕೆ ಕಾರಣನೂ ಇದೆ. ಒಳ್ಳೇದಾಗತ್ತೆ ಅನ್ನೋ ನಿರೀಕ್ಷೆ ಹುಟ್ಟಿದಾಗ ಮೆದುಳು ಡೋಪಮಿನ್ ಬಿಡತ್ತೆ, ಈ ರೋಗಿಗಳಿಗೆ ಬೇಕಾಗಿರೋದೂ ಅದೇ ತಾನೆ. 2001ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಪೆಟ್ ಸ್ಕ್ಯಾನ್ ಮಾಡಿ ಇದನ್ನ ಕಣ್ಣಾರೆ ತೋರಿಸಿದ್ರು, ಬರೀ ಉಪ್ಪುನೀರು ಚುಚ್ಚಿದ್ರೂ ಔಷಧಿ ಅಂತ ನಂಬಿದ ರೋಗಿಗಳ ಮೆದುಳಲ್ಲಿ ನಿಜವಾದ ಡೋಪಮಿನ್ ಹೊರಬಂತು. 2015ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಇನ್ನೊಂದು ಮಾಡಿದ್ರು, 12 ರೋಗಿಗಳಿಗೆ ಎರಡು ಸಲ ಉಪ್ಪುನೀರನ್ನೇ ಕೊಟ್ಟು ಒಂದನ್ನ 100 ಡಾಲರ್‌ದು ಇನ್ನೊಂದನ್ನ 1500 ಡಾಲರ್‌ದು ಅಂತ ಹೇಳಿದ್ರು, ದುಬಾರಿ ಅಂದಿದ್ದೇ ಜಾಸ್ತಿ ಕೆಲಸ ಮಾಡ್ತು. ಹಾಗಾಗಿ ಆ ಚಿಕಿತ್ಸೆ ತಗೊಂಡು "ನಂಗೆ ಚೆನ್ನಾಗಾಯ್ತು" ಅನ್ನೋವ್ರು ಸುಳ್ಳು ಹೇಳ್ತಿಲ್ಲ, ಅವರಿಗೆ ನಿಜವಾಗ್ಲೂ ಕಾಲು ಹಗುರ ಆಗಿರತ್ತೆ, ಕೆಲವು ದಿನ. ದುಡ್ಡು ಮುಗಿಯೋದು ಆಮೇಲೆ, ಗುಣ ಮುಗಿಯೋದು ಮೊದಲು.

ಇನ್ನೊಂದು ವಿಷಯ ನಿಮ್ಮ ಪ್ರಶ್ನೇಲೇ ಇದೆ, ನೀವು ಗಮನಿಸಿದೀರೋ ಇಲ್ವೋ. ಮೂವತ್ತು ವರ್ಷ ತುಡುವೆ ಸಾಕಿದ ಮನುಷ್ಯ, ವರ್ಷಕ್ಕೆ ಇಷ್ಟು ಅಂತ ಲೆಕ್ಕ ಹಾಕಿದ್ರೂ ಎಷ್ಟು ಸಲ ಕಚ್ಚಿಸಿಕೊಂಡಿರ್ತಾರೆ ನೋಡಿ. ಕೈ ಬೆರಳು, ಕಿವಿ, ಕುತ್ತಿಗೆ ಎಲ್ಲಾ ಕಡೆ. ಆದ್ರೂ ಕಾಯಿಲೆ ಬಂತು. ಒಬ್ಬರ ಉದಾಹರಣೆ ಇಟ್ಕೊಂಡು ವಿಜ್ಞಾನ ಹೇಳಕ್ಕಾಗಲ್ಲ ಸರಿ, ಆದ್ರೆ ನೆಂಟರು "ಕಚ್ಚಿಸಿಕೊಂಡವರಿಗೆ ಈ ಕಾಯಿಲೆ ಬರೋದೇ ಇಲ್ಲ" ಅಂದ್ರೆ ಅಪ್ಪನ ಕಡೆ ಕೈ ತೋರಿಸಿ.

ಇಷ್ಟೇ ಆಗಿದ್ರೆ ದುಡ್ಡು ದಂಡ ಅಂತ ಬಿಡ್ತಿದ್ದೆ. ನಂಗೆ ಭಯ ಇರೋದು ಪ್ರೊಪ್ರನೊಲಾಲ್ ಬಗ್ಗೆ. ಜೇನುವಿಷಕ್ಕೆ ಮೈಪೂರ್ತಿ ಅಲರ್ಜಿ ಆದ್ರೆ ಗಂಟಲು ಊದಿ ಬಿಪಿ ಕುಸಿಯತ್ತಲ್ಲ, ಆಗ ಜೀವ ಉಳಿಸೋ ಇಂಜೆಕ್ಷನ್ ಅಂದ್ರೆ ತೊಡೆಯ ಸ್ನಾಯುಗೆ ಕೊಡೋ ಅಡ್ರಿನಲಿನ್. ಅಡ್ರಿನಲಿನ್ ಹಿಡ್ಕೊಳೋ ಬಾಗಿಲನ್ನೇ ಪ್ರೊಪ್ರನೊಲಾಲ್ ಮುಚ್ಚಿಟ್ಟಿರತ್ತೆ, ಹಂಗಾಗಿ ಇಂಜೆಕ್ಷನ್ ಕೊಟ್ರೂ ಸರಿಯಾಗಿ ಹತ್ತಲ್ಲ, ಗ್ಲುಕಗಾನ್ ಅನ್ನೋ ಇನ್ನೊಂದು ಇಂಜೆಕ್ಷನ್ ಬೇಕಾಗಬಹುದು, ಅದು ಎಲ್ಲಾ ಊರಿನ ಆಸ್ಪತ್ರೇಲಿ ಕೈಗೆ ಸಿಗೋ ವಸ್ತು ಅಲ್ಲ. ಅದರ ಮೇಲೆ ಪಾರ್ಕಿನ್ಸನ್ ಇರೋ ಹಲವರಿಗೆ ಎದ್ದು ನಿಂತಾಗ ಬಿಪಿ ಇಳಿಯೋ ತೊಂದರೆ ಮೊದಲೇ ಇರತ್ತೆ. ಇಷ್ಟು ವರ್ಷ ಕಚ್ಚಿಸಿಕೊಂಡು ಏನೂ ಆಗಿಲ್ಲ ಅನ್ನೋ ಧೈರ್ಯನೂ ಪೂರ್ತಿ ನಂಬೋ ಹಾಗಿಲ್ಲ. 2018ರಲ್ಲಿ ಸ್ಪೇನ್‌ನಿಂದ ಒಂದು ಕೇಸ್ ವರದಿ ಆಯ್ತು, 55 ವರ್ಷದ ಹೆಂಗಸು, ಎರಡು ವರ್ಷ ನಾಲ್ಕು ವಾರಕ್ಕೊಂದು ಸಲ ಜೀವಂತ ಜೇನಿಂದ ಕಚ್ಚಿಸಿಕೊಂಡು ಚೆನ್ನಾಗೇ ಇದ್ರು, ಒಂದು ದಿನ ಒಂದು ಕಚ್ಚಿದ್ದಕ್ಕೇ ಉಸಿರು ಕಟ್ಟಿ ಪ್ರಜ್ಞೆ ತಪ್ಪಿ ಆಮೇಲೆ ತೀರ್ಕೊಂಡ್ರು. ನಿಮ್ಮಪ್ಪ ಜೇನು ಸಾಕ್ತಾರೆ ಅನ್ನೋದು ಪ್ರೊಪ್ರನೊಲಾಲ್ ಬರೆದುಕೊಟ್ಟ ಡಾಕ್ಟರಿಗೆ ಗೊತ್ತಿದೆಯಾ? ಗೊತ್ತಿರಲ್ಲ, ನಾವೂ ಕೇಳಲ್ಲ ನೀವೂ ಹೇಳಲ್ಲ. ಮುಂದಿನ ಸಲ ಹೋದಾಗ ಮೊದಲ ಮಾತೇ ಅದಾಗ್ಲಿ, ಬದಲಿ ಇದೆಯಾ ಕೇಳಿ. ನೀವಾಗೇ ಅದನ್ನೂ ತಟ್ಟಂತ ನಿಲ್ಲಿಸ್ಬೇಡಿ, ಎದೆಬಡಿತ ಏರುಪೇರಾಗತ್ತೆ.

ರಾಯಲ್ ಜೆಲ್ಲಿ, ಪ್ರೊಪೊಲಿಸ್ ಬಗ್ಗೆ ಬೇಗ ಮುಗಿಸ್ತೀನಿ, ಹೇಳಕ್ಕೆ ಜಾಸ್ತಿ ಇಲ್ಲ. ರಾಯಲ್ ಜೆಲ್ಲಿ ಅಂದ್ರೆ ಎಳೇ ಕೆಲಸಗಾರ ಜೇನುಗಳು ರಾಣಿ ಮರಿಗೆ ಉಣಿಸೋ ರಸ, ಅದನ್ನ ತಿಂದು ರಾಣಿ ದೊಡ್ಡದಾಗ್ತಾಳೆ ಅಂತ ಮನುಷ್ಯಂಗೂ ಶಕ್ತಿ ಬರತ್ತೆ ಅನ್ನೋದು ಕಲ್ಪನೆ. ಆಸ್ತಮಾ ಇರೋವ್ರಿಗೆ ಅದು ಅಪಾಯ, ಉಬ್ಬಸ ಹೆಚ್ಚಾಗಿ ಸತ್ತಿರೋದೂ ದಾಖಲಾಗಿದೆ. ರಕ್ತ ತೆಳು ಮಾಡೋ ವಾರ್ಫರಿನ್ ತಗೋಳೋವ್ರೂ ಮುಟ್ಟಬಾರದು. ಪ್ರೊಪೊಲಿಸ್ ಅಂದ್ರೆ ಜೇನು ಮರದ ಅಂಟು ತಂದು ಗೂಡಿನ ಬಿರುಕು ಮುಚ್ಚೋದು, ಅದರಲ್ಲಿರೋ ಕೆಲವು ಅಂಶ ಇಲಿಗಳಲ್ಲಿ ಡೋಪಮಿನ್ ಕೋಶ ಕಾಪಾಡ್ತು ಅನ್ನೋ ಕೆಲಸಗಳಿವೆ, ಮತ್ತೆ ಅದೇ ಇಲಿ ಕತೆ. ಒಂದು ತಮಾಷೆ ಅಲ್ಲದ ವಿಚಾರ ಹೇಳ್ತೀನಿ, ನಮ್ಮ ತುಡುವೆ ಜೇನು ಪ್ರೊಪೊಲಿಸ್ ಮಾಡಲ್ಲ, ಅದು ಯುರೋಪಿನಿಂದ ಬಂದ ಮೆಲ್ಲಿಫೆರಾ ಜೇನಿನ ಅಭ್ಯಾಸ, ಇಲ್ಲಾಂದ್ರೆ ಮುಳ್ಳಿಲ್ಲದ ಮುಜಂಟಿ ಜೇನು ಅಂಟು ಕೂಡಿಡತ್ತೆ. ಅಪ್ಪಂಗೆ ಕೇಳಿ, ಪೆಟ್ಟಿಗೆ ತೆಗೆದವರಿಗೆ ಗೊತ್ತಿರತ್ತೆ. ಹಾಗಾಗಿ "ಮಲೆನಾಡಿನ ಶುದ್ಧ ತುಡುವೆ ಪ್ರೊಪೊಲಿಸ್" ಅಂತ ಯಾರಾದ್ರೂ ಮಾರಿದ್ರೆ ಅದೇನು ಅಂತ ನೀವೇ ಯೋಚ್ನೆ ಮಾಡಿ.

ಜೇನುತುಪ್ಪ ತಿನ್ನಬಹುದಾ ಅಂದ್ರಿ, ಧಾರಾಳವಾಗಿ. ಮನೇದೇ ತುಪ್ಪ ಇರೋ ಪುಣ್ಯವಂತರು ನೀವು. ಕಾಯಿಲೆ ಕಮ್ಮಿ ಮಾಡಲ್ಲ, ಆದ್ರೆ ಬಾಯಿರುಚಿ ಕೆಟ್ಟಿರೋರಿಗೆ, ತೂಕ ಇಳೀತಿರೋರಿಗೆ ಒಂದೆರಡು ಚಮಚ ಒಳ್ಳೇದೇ. ಶುಗರ್ ಇದ್ರೆ ಮಾತ್ರ ಲೆಕ್ಕ ಇಡಿ, ಜೇನುತುಪ್ಪದಲ್ಲಿ ಐದರಲ್ಲಿ ನಾಲ್ಕು ಭಾಗ ಸಕ್ಕರೆನೇ, ನ್ಯಾಚುರಲ್ ಅಂದ್ರೂ ಗ್ಲೂಕೋಸ್ ಗ್ಲೂಕೋಸೇ. ಮಾತ್ರೆ ಜೊತೆ ಗುದ್ದಾಡೋದು ಸಕ್ಕರೆ ಅಲ್ಲ, ಪ್ರೋಟೀನ್. ಲೆವೊಡೋಪಾ ಕರುಳಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗೋ ದಾರಿ, ಹಾಲು ಮೊಟ್ಟೆ ಬೇಳೆಯ ಪ್ರೋಟೀನ್ ಒಡೆದು ಬರೋ ಅಮೈನೋ ಆಮ್ಲಗಳು ಹೋಗೋ ದಾರಿ, ಎರಡೂ ಒಂದೇ, ಜಾತ್ರೆ ದಿನ ಒಂದೇ ಬಸ್ಸಿಗೆ ನುಗ್ಗಿದ ಹಾಗೆ. ಅದಕ್ಕೆ ಊಟಕ್ಕೆ ಅರ್ಧ ಗಂಟೆ ಮುಂಚೆ ಇಲ್ಲಾ ಊಟ ಆಗಿ ಒಂದೂವರೆ ಗಂಟೆ ಬಿಟ್ಟು ಮಾತ್ರೆ ತಗೋಬೇಕು, ಹಾಲಿನ ಜೊತೆ ಬೇಡ. ಕಬ್ಬಿಣದ ಮಾತ್ರೆ ಇದ್ರೆ ಅದನ್ನೂ ಎರಡು ಗಂಟೆ ದೂರ ಇಡಿ. ಮಾತ್ರೆ ನುಂಗಕ್ಕೆ ಕಷ್ಟ ಅಂತ ಪುಡಿ ಮಾಡಿ ಜೇನಲ್ಲಿ ಕಲಸಿ ಕೊಡೋ ಮನೆಗಳಿವೆ, ಸಾದಾ ಸಿಂಡೋಪಾ ಆದ್ರೆ ಡಾಕ್ಟರಿಗೆ ಕೇಳಿ ಹಾಗೆ ಮಾಡಬಹುದು, ಹೆಸರಿನ ಮುಂದೆ ಸಿಆರ್ ಅಂತ ಇದ್ರೆ ಪುಡಿ ಮಾಡ್ಲೇಬಾರದು, ನಿಧಾನಕ್ಕೆ ಬಿಡಬೇಕಾದ ಔಷಧಿ ಒಂದೇ ಸಲ ಬಿಟ್ಬಿಡತ್ತೆ.

ನುಂಗೋ ವಿಚಾರ ಬಂತಲ್ಲ, ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು, ಯಾಕಂದ್ರೆ ಜೇನಿನ ಹೆಸರು ಪಾರ್ಕಿನ್ಸನ್ ಚಿಕಿತ್ಸೇಲಿ ನಿಜವಾಗಿ ಬಂದಿರೋ ಜಾಗ ಇದೇ. ಕಾಯಿಲೆ ಮುಂದುವರಿದ್ರೆ ನೀರು ಕುಡೀವಾಗ ಕೆಮ್ಮು ಬರತ್ತೆ, ನೀರು ಶ್ವಾಸನಾಳಕ್ಕೆ ಜಾರತ್ತೆ, ನ್ಯುಮೋನಿಯಾ ಆಗತ್ತೆ, ಈ ರೋಗಿಗಳಲ್ಲಿ ಸಾವಿಗೆ ದೊಡ್ಡ ಕಾರಣ ಅದೇ. ಅದಕ್ಕೆ ದ್ರವವನ್ನ ಪುಡಿ ಹಾಕಿ ಗಟ್ಟಿ ಮಾಡಿ ಕೊಡ್ತಾರೆ, ಆ ಗಟ್ಟಿತನದ ಒಂದು ಮಟ್ಟಕ್ಕೆ ಜೇನಿನಷ್ಟು ಗಟ್ಟಿ ಅಂತಾನೇ ಹೆಸರಿತ್ತು. 2008ರಲ್ಲಿ ಅಮೆರಿಕದಲ್ಲಿ ಪಾರ್ಕಿನ್ಸನ್ ಇಲ್ಲಾ ಮರೆವಿನ ಕಾಯಿಲೆ, ಇಲ್ಲಾ ಎರಡೂ ಇರೋ 711 ಜನರನ್ನ ಎಕ್ಸ್‌ರೇ ಮುಂದೆ ಕೂರಿಸಿ ನುಂಗಿಸಿ ನೋಡಿದ್ರು, ಜೇನಿನಷ್ಟು ಗಟ್ಟಿ ಇದ್ದಿದ್ದೇ ಎಲ್ಲಕ್ಕಿಂತ ಕಮ್ಮಿ ಜಾರಿದ್ದು. ಆದ್ರೆ ಅದೇ ತಂಡ ಮೂರು ತಿಂಗಳು ಹಿಂಬಾಲಿಸಿದಾಗ ನ್ಯುಮೋನಿಯಾ ಏನೂ ಕಮ್ಮಿ ಆಗಿರ್ಲಿಲ್ಲ. ಗಟ್ಟಿ ದ್ರವ ಕೊಟ್ರೆ ಜನ ಕುಡಿಯೋದೇ ಕಮ್ಮಿ ಮಾಡ್ತಾರೆ, ಮೈ ಒಣಗತ್ತೆ. ಇದರ ಅರ್ಥ ಅಪ್ಪಂಗೆ ನೀರಿಗೆ ಜೇನು ಕಲಸಿ ಕೊಡಿ ಅಂತ ಅಲ್ಲ. ನೀರು ಕುಡೀವಾಗ ಕೆಮ್ಮು, ಊಟ ಆದ್ಮೇಲೆ ಗಂಟಲು ಗೊರಗೊರ ಅನ್ನೋದು ಶುರುವಾಗಿದ್ರೆ ತಡ ಮಾಡದೆ ಸ್ಪೀಚ್ ಥೆರಪಿಸ್ಟ್ ಹತ್ರ ಕರ್ಕೊಂಡು ಹೋಗಿ, ಮಾತಿನ ತರಬೇತಿ ಕೊಡೋರೇ ನುಂಗೋ ತರಬೇತಿನೂ ಕೊಡೋದು.

ಆನ್‌ಲೈನಲ್ಲಿ ನೇಪಾಳದ ಹುಚ್ಚು ಜೇನು ಅಂತ ಮಾರ್ತಾರೆ, ಅದು ಬೇಡವೇ ಬೇಡ. ಅಲ್ಲಿನ ರೋಡೋಡೆಂಡ್ರನ್ ಹೂವಿನ ಗ್ರಯಾನೊಟಾಕ್ಸಿನ್ ಅನ್ನೋ ವಿಷ ಅದರಲ್ಲಿ ಇರತ್ತೆ, ಬಿಪಿ, ಎದೆಬಡಿತ ಎರಡನ್ನೂ ಇಳಿಸತ್ತೆ, ಪ್ರೊಪ್ರನೊಲಾಲ್ ಮೇಲೆ ಇದೂ ಸೇರಿದ್ರೆ ಅಪ್ಪ ನಿಂತಲ್ಲೇ ಬೀಳ್ತಾರೆ.

ನಾನು ಗಿಡಮೂಲಿಕೆ ಅಂದ್ರೆ ಮೂಗು ಮುರಿಯೋನು ಅಂದ್ಕೋಬೇಡಿ. ನಿಮ್ಮ ಬೇಲೀಲಿ ಬೆಳೆಯೋ ನಸುಗುನ್ನಿ ಬೀಜದಲ್ಲಿ ನಿಜವಾದ ಲೆವೊಡೋಪಾ ಇದೆ, ಪಾರ್ಕಿನ್ಸನ್ ಥರದ ಕಂಪವಾತಕ್ಕೆ ಅದನ್ನ ಆಯುರ್ವೇದದಲ್ಲಿ ಬಳಸ್ತಾ ಬಂದಿದಾರೆ, 2004ರಲ್ಲಿ ಲಂಡನ್‌ನಲ್ಲಿ ಎಂಟು ರೋಗಿಗಳ ಮೇಲೆ ಪರೀಕ್ಷೆ ಮಾಡಿದಾಗ ಮಾತ್ರೆಗಿಂತ ಬೇಗ ಕೆಲಸ ಶುರು ಮಾಡ್ತು. ಅದರ ತೊಂದರೆ ಏನಂದ್ರೆ ಒಂದೊಂದು ಬೀಜದಲ್ಲಿ ಒಂದೊಂದು ಪ್ರಮಾಣ, ಮಾತ್ರೆ ಜೊತೆ ಗುಟ್ಟಾಗಿ ತಿಂದ್ರೆ ಡೋಸ್ ಮೇಲೆ ಡೋಸ್ ಆಗಿ ಮೈ ಕುಣಿಯಕ್ಕೆ ಶುರುವಾಗತ್ತೆ, ಇಲ್ಲದ್ದೆಲ್ಲ ಕಾಣತ್ತೆ. ಆದ್ರೂ ಅದರಲ್ಲಿ ಇರೋ ವಸ್ತು ಯಾವುದು, ಎಲ್ಲಿ ಕೆಲಸ ಮಾಡತ್ತೆ ಅಂತ ತೋರಿಸಬಹುದು. ಜೇನುವಿಷದಲ್ಲಿ ಮನುಷ್ಯರಿಗೆ ಅಷ್ಟು ಇನ್ನೂ ತೋರಿಸಕ್ಕೆ ಆಗಿಲ್ಲ.

ಹಳ್ಳಿ ಅಂದ್ರಿ, ತೋಟನೂ ಇರಬಹುದು, ಹಾಗಾಗಿ ಇನ್ನೊಂದು ಕೇಳ್ಬೇಕು, ಕಳೆ ಸಾಯಿಸಕ್ಕೆ ಪ್ಯಾರಾಕ್ವಾಟ್ ಹೊಡಿತೀರಾ? 2011ರಲ್ಲಿ ಅಮೆರಿಕದ ರೈತರ ಮೇಲೆ ಮಾಡಿದ ಅಧ್ಯಯನದಲ್ಲಿ ಪ್ಯಾರಾಕ್ವಾಟ್ ಅಥವಾ ರೋಟೆನೋನ್ ಅನ್ನೋ ಕೀಟನಾಶಕ ಬಳಸಿದವರಿಗೆ ಪಾರ್ಕಿನ್ಸನ್ ಬರೋ ಸಂಭವ ಸುಮಾರು ಎರಡೂವರೆ ಪಟ್ಟು ಇತ್ತು. ಅಪ್ಪಂಗೆ ಅದರಿಂದಲೇ ಬಂತು ಅಂತ ಯಾರೂ ಹೇಳಕ್ಕಾಗಲ್ಲ, ಆದ್ರೆ ಹೊಡಿತಿದ್ರೆ ಈಗ ಪಂಪ್ ಬೆನ್ನಿಗೆ ಹಾಕ್ಕೊಳ್ತಿರೋದು ನೀವು ತಾನೆ? ಅದನ್ನ ಬಿಟ್ಬಿಡಿ, ಕಳೆ ಕತ್ತರಿಸೋ ಮಷಿನ್ ತಗೊಳ್ಳಿ.

ಆ ಒಂಬತ್ತು ಸಾವಿರದ ಬಗ್ಗೆ. ಅದರಲ್ಲಿ ವಾರಕ್ಕೆ ಎರಡು ಸಲ ಒಬ್ಬ ಫಿಸಿಯೋಥೆರಪಿಸ್ಟ್ ಮನೆಗೆ ಬರ್ತಾರೆ. ವ್ಯಾಯಾಮದ ವಿಚಾರದಲ್ಲಿ ಸಾಕ್ಷಿ ಗಟ್ಟಿ ಇದೆ, 2018ರಲ್ಲಿ ಬಂದ ಒಂದು ಟ್ರಯಲ್‌ನಲ್ಲಿ ಹೊಸದಾಗಿ ಕಾಯಿಲೆ ಬಂದ 128 ಜನರನ್ನ ತಗೊಂಡು ಒಂದು ಗುಂಪನ್ನ ಆರು ತಿಂಗಳು, ವಾರಕ್ಕೆ ನಾಲ್ಕು ದಿನ, ಎದೆಬಡಿತ ಜೋರಾಗಿ ಏರೋ ಹಾಗೆ ಟ್ರೆಡ್‌ಮಿಲ್ ಮೇಲೆ ನಡೆಸಿದ್ರು, ಅವರ ಲಕ್ಷಣ ಹೆಚ್ಚುಕಮ್ಮಿ ಇದ್ದಲ್ಲೇ ನಿಂತಿತ್ತು, ಸುಮ್ನೆ ಇದ್ದವರದ್ದು ಜಾಸ್ತಿ ಆಗಿತ್ತು. ಅಪ್ಪಂಗೆ ಟ್ರೆಡ್‌ಮಿಲ್ ಬೇಡ, ಹಾರ್ಟ್ ಒಂದ್ಸಲ ತೋರಿಸಿ ಆಮೇಲೆ ಮಾತಾಡಕ್ಕೆ ಉಸಿರು ಸಾಲದಷ್ಟು ಬೀಸಾಗಿ ನಡೆಸಿ, ಅಂಗಳದಲ್ಲಿ, ನೀವು ಪಕ್ಕದಲ್ಲಿ ನಡೀರಿ.

ಪೆಟ್ಟಿಗೆ ಕೆಲಸ ಬಿಡಬೇಕಾ ಅಂತ ಕೇಳಿದ್ರಲ್ಲ, ಇಡೀ ಪತ್ರದಲ್ಲಿ ನಂಗೆ ಮನಸ್ಸಿಗೆ ತಟ್ಟಿದ ಪ್ರಶ್ನೆ ಅದು. ಬಿಡಿಸ್ಬೇಡಿ. ಮೊದಲು ಪ್ರೊಪ್ರನೊಲಾಲ್ ವಿಚಾರ ಇತ್ಯರ್ಥ ಆಗ್ಲಿ, ಅಲ್ಲಿವರೆಗೆ ನೀವು ತೆಗೀರಿ, ಅವರು ನಾಲ್ಕು ಮಾರು ದೂರ ಕುರ್ಚೀಲಿ ಕೂತು ಹೇಳಿಕೊಡ್ಲಿ. ಆಮೇಲೆ ಅವರೇ ತೆಗೀಬಹುದು, ಮುಖಪರದೆ, ಕೈಗವಸು, ಪೂರ್ತಿ ತೋಳಿನ ಅಂಗಿ ಹಾಕ್ಕೊಂಡು, ಮುಂಚೆ ಬರಿಗೈಲಿ ತೆಗೀತಿದ್ದೆ ಅಂತ ಹಠ ಮಾಡ್ತಾರೆ, ಮಾಡ್ಲಿ, ನಡುಗೋ ಕೈ ಎರಿ ಅಲುಗಿಸಿದ್ರೆ ಹುಳ ರೇಗತ್ತೆ ಅಂತ ಅವರಿಗೇ ನಿಮಗಿಂತ ಚೆನ್ನಾಗಿ ಗೊತ್ತು. ಸ್ಟ್ಯಾಂಡ್ ಸೊಂಟದ ಎತ್ತರಕ್ಕೆ ಏರಿಸಿ, ಬಗ್ಗಿ ಏಳೋವಾಗ ತಲೆ ಸುತ್ತಬಾರದು. ಪೆಟ್ಟಿಗೆ ಸುತ್ತ ಬೇರು, ಕಲ್ಲು, ಸೋಗೆ ಇಲ್ಲದ ಹಾಗೆ ನೆಲ ಸಮ ಮಾಡಿ, ಕಾಲು ಅಂಟಿಕೊಂಡ ಹಾಗೆ ನಿಂತಾಗ ಎಡವಿದ್ರೆ ಸೊಂಟದ ಮೂಳೆ ಹೋಗತ್ತೆ. ಹೆಜ್ಜೇನಿನ ಸುದ್ದಿಗೆ, ಮರ ಹತ್ತೋದಕ್ಕೆ ಮಾತ್ರ ಪೂರ್ತಿ ಪೂರ್ಣವಿರಾಮ. ಕಚ್ಚಿದ್ರೆ ಮುಳ್ಳನ್ನ ತಕ್ಷಣ ತೆಗೀರಿ, ಮೈಪೂರ್ತಿ ದದ್ದು, ಉಸಿರಿನ ತೊಂದರೆ, ತಲೆಸುತ್ತು ಯಾವುದು ಕಂಡ್ರೂ ಗಾಡಿ ಹತ್ತಿಸಿ ಆಸ್ಪತ್ರೆಗೆ.

ಇನ್ನು ಹೊತ್ತು. ಮಾತ್ರೆ ತಗೊಂಡು ಎಷ್ಟು ಹೊತ್ತಿಗೆ ಮೈ ಸಡಿಲ ಆಗತ್ತೆ, ಎಷ್ಟು ಹೊತ್ತಿಗೆ ಮತ್ತೆ ಬಿಗಿಯತ್ತೆ ಅಂತ ಒಂದು ವಾರ ನೋಟ್‌ಬುಕ್ಕಲ್ಲಿ ಬರೀರಿ, ಡಾಕ್ಟರಿಗೂ ಅದು ಬೇಕು. ಒಂಬತ್ತು ಗಂಟೆ ಮಾತ್ರೆ ತಗೊಂಡ್ರೆ ಹತ್ತರಿಂದ ಹನ್ನೊಂದೂವರೆ ಅವರ ಒಳ್ಳೇ ಹೊತ್ತು ಅಂತ ಬಂದ್ರೆ, ಬಿಸಿಲು ಬಿದ್ದು ಹುಳ ಮೇವಿಗೆ ಹೋಗಿರೋ ಹೊತ್ತೂ ಅದೇ, ಪೆಟ್ಟಿಗೆ ಮುಚ್ಚಳ ಆವಾಗ ತೆಗೀಲಿ, ಹೊಗೆ ತಿದಿ ನೀವು ಹಿಡ್ಕೊಳ್ಳಿ.